ರಾಕೆಟ್ಟಿನಲ್ಲಿ ಬಂದ ಆನೆ, ಹಡಗಿನಲ್ಲಿ ಹೋದ ಆನೆ

"ಅಪ್ಪಾ, ಹನಾವೊ ಬಂದಿದ್ದು ಇಲ್ಲಿಗೇನಾ?"

ದುಬಾರೆಯಲ್ಲಿ, ಕಾವೇರಿ ನಡುವಿನ ಬಂಡೆಯ ಮೇಲೆ ನಿಂತು ನನ್ನ ಒಂಬತ್ತು ವರ್ಷದ ಮಗಳು ಹೀಗೆ ಕೇಳಿದಾಗ, ಪಕ್ಕದಲ್ಲಿದ್ದ ಪ್ರವಾಸಿಗರು ಅದು ಯಾವುದೋ ದಸರಾ ಆನೆಯ ಹೆಸರಿರಬೇಕು ಅಂದುಕೊಂಡರು. ಬೇಸಿಗೆ ರಜೆ, ಹೊಳೆಯಲ್ಲಿ ನೀರು ಕಡಿಮೆ. ಎದುರಿಗೆ ಮಾವುತರು ಆನೆಗಳನ್ನು ಮಲಗಿಸಿ ಮೈ ಉಜ್ಜುತ್ತಿದ್ದರು. ಹನಾವೊ ಅವುಗಳಲ್ಲಿ ಯಾವುದೂ ಅಲ್ಲ. ಅದು ಜಪಾನಿನ ಒಂದು ಕಾಮಿಕ್ಸ್‌ನ ಆನೆ. ಡೊರೆಮಾನ್ ಅದನ್ನು ಯುದ್ಧದಿಂದ ಪಾರು ಮಾಡಿ ಇಂಡಿಯಾದ ಕಾಡಿಗೆ ಕಳಿಸಿದ್ದ.

ಡೊರೆಮಾನ್ ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ. ನಿಮ್ಮ ಮನೆಯ ರಿಮೋಟ್ ಕಿತ್ತುಕೊಂಡವನು ಅವನೇ. ನಮ್ಮ ಮಕ್ಕಳಿಗೆ ಹಿಂದಿ ಕಲಿಸಿದ್ದು ಶಾಲೆಯ ಮೇಷ್ಟ್ರಲ್ಲ ಸ್ವಾಮಿ, ಈ ನೀಲಿ ಬೆಕ್ಕು. ಇದೇ ಕೋಪದಲ್ಲಿ, ಹಲವು ವರ್ಷಗಳ ಹಿಂದೆ ನಾನು ಸ್ಟುಡಿಯೋದಲ್ಲಿ ಕೂತು ಅರ್ಧ ಗಂಟೆ ಚರ್ಚೆ ನಡೆಸಿದ್ದೆ. ಕಾರ್ಟೂನ್ ಮಕ್ಕಳನ್ನು ಹಾಳು ಮಾಡುತ್ತಿದೆಯಾ ಅಂತ ಕೇಳಿದ್ದೆ. ಕೇಳಿದ್ದೇನು, ಹಾಳು ಮಾಡುತ್ತಿದೆ ಅಂತ ನಾನೇ ತೀರ್ಪು ಕೊಟ್ಟಿದ್ದೆ. ಅಂದು ಒಂದೇ ಒಂದು ಕಂತನ್ನೂ ನಾನು ಪೂರ್ತಿ ನೋಡಿರಲಿಲ್ಲ.

ಅದರಲ್ಲೊಂದು ಕಪಟವೂ ಇತ್ತು. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಮೋಗ್ಲಿ ಬರುತ್ತಿದ್ದಾಗ, ಆಂಟೆನಾ ತಿರುಗಿಸಲು ಮಾಡಿನ ಮೇಲೆ ಹತ್ತುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬ. ಗುಲ್ಜಾರ್ ಬರೆದ ಹಾಡು, ಶೇರ್ ಖಾನ್‌ಗೆ ನಾನಾ ಪಾಟೇಕರ್ ದನಿ, ಕಥೆ ನಮ್ಮದೇ ಕಾಡಿನದ್ದು. ಅದು 1989ರಲ್ಲಿ ಜಪಾನಿನ ನಿಪ್ಪಾನ್ ಅನಿಮೇಷನ್ ಮಾಡಿದ ಧಾರಾವಾಹಿ ಅಂತ ನನಗೆ ತಿಳಿದದ್ದು ಮೀಸೆ ಬಂದ ಮೇಲೆ. ಜಪಾನಿನಲ್ಲಿ ಕಾಮಿಕ್ಸ್‌ಗೆ ಮಂಗಾ ಅಂತಾರೆ, ಅದೇ ಥರದ ಚಿತ್ರ ತೆರೆಯ ಮೇಲೆ ಓಡಾಡಿದರೆ ಆನಿಮೆ. ನಾನು ಆನಿಮೆಯ ಅಭಿಮಾನಿಯಾಗಿ ಎಷ್ಟೋ ವರ್ಷವಾಗಿತ್ತು, ಅದು ನನಗೇ ಗೊತ್ತಿರಲಿಲ್ಲ ಅಷ್ಟೇ.

ಈಗ ಹನಾವೊ ವಿಷಯಕ್ಕೆ ಬರೋಣ. 1973ರಲ್ಲಿ ಬಂದ 'ಆನೆ ಮತ್ತು ಚಿಕ್ಕಪ್ಪ' ಅನ್ನುವ ಪುಟ್ಟ ಮಂಗಾ. ಬರೆದವರು ಫುಜಿಕೊ ಎಫ್. ಫುಜಿಯೊ. ಮಗಳು ತನ್ನ ಟ್ಯಾಬ್‌ನಲ್ಲಿ ಓದಿ, ನನಗೂ ಓದಿಸಿದಳು. ಇಂಡಿಯಾದಿಂದ ಬಂದ ನೊಬಿತಾನ ಚಿಕ್ಕಪ್ಪ ತನ್ನ ಬಾಲ್ಯದ ಗೆಳೆಯ ಹನಾವೊ ಎಂಬ ಆನೆಯ ಕಥೆ ಹೇಳುತ್ತಾನೆ. ಯುದ್ಧ ಕಾಲದಲ್ಲಿ ಮೃಗಾಲಯದವರು ಅದನ್ನು ಕೊಂದುಬಿಟ್ಟರು. ಕೇಳಿದ ನೊಬಿತಾ, ಡೊರೆಮಾನ್ ಇಬ್ಬರೂ ಸಿಟ್ಟಿಗೆದ್ದು ಟೈಮ್ ಮಷಿನ್ ಹತ್ತಿ ಹೊರಡುತ್ತಾರೆ. ಆನೆ ಕೊಲ್ಲಲು ಬಂದ ಸೇನಾಧಿಕಾರಿಗೆ ಈ ಇಬ್ಬರು ಪೆದ್ದುಗಳು ನಗುನಗುತ್ತಾ ಹೇಳಿಬಿಡುತ್ತಾರೆ: ಚಿಂತೆ ಬೇಡ, ಯುದ್ಧ ಬೇಗ ಮುಗಿಯುತ್ತೆ, ಜಪಾನ್ ಸೋಲುತ್ತೆ ಅಂತ. ಅವನ ಮುಖ ನೋಡಬೇಕು ನೀವು! ಕೊನೆಗೆ ಆನೆಯನ್ನು ಬೆರಳುದ್ದ ಮಾಡಿ, ರಾಕೆಟ್ಟಿನಲ್ಲಿಟ್ಟು ಇಂಡಿಯಾಕ್ಕೆ ಕಳಿಸುತ್ತಾರೆ. ಇಬ್ಬರೂ ವಾಪಸ್ ಬಂದಾಗ ಚಿಕ್ಕಪ್ಪನ ಮಾತು ಮುಗಿದಿರುವುದಿಲ್ಲ. ಇಂಡಿಯಾದ ಕಾಡಿನಲ್ಲಿ ತಾನು ದಾರಿತಪ್ಪಿ ಬಿದ್ದಿದ್ದಾಗ ಒಂದು ಆನೆ ಬಂದು ಕಾಪಾಡಿತು, ಅದು ಹನಾವೊನೇ ಅಂತ ಅವನು ಹೇಳುತ್ತಿರುತ್ತಾನೆ.

ಅಭಿಮಾನಿಗಳ ಜೊತೆ ಜಗಳಕ್ಕೆ ನಾನು ಸಿದ್ಧ. ಯುದ್ಧದ ಬಗ್ಗೆ ಆನಿಮೆ ಅಂದ ಕೂಡಲೇ ಎಲ್ಲರೂ ತಕಾಹತಾ ಇಸಾವೊ ಅವರ 1988ರ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್' ಹೆಸರು ಹೇಳುತ್ತಾರೆ. ದೊಡ್ಡ ಚಿತ್ರ, ನಾನೂ ಅತ್ತಿದ್ದೇನೆ. ಆದರೆ ಅತ್ತಾದ ಮೇಲೆ ಮನಸ್ಸು ಹಗುರಾಗಿಬಿಡುತ್ತೆ, ನಿದ್ದೆಯೂ ಬರುತ್ತೆ. ಹಿರೋಷಿಮಾದಲ್ಲಿ ಬದುಕುಳಿದ ನಕಾಜಾವಾ ಕೇಜಿ 1973ರಲ್ಲೇ ಶುರು ಮಾಡಿದ 'ಬೇರ್‌ಫೂಟ್ ಗೆನ್' ಮಾತ್ರ ಯಾರನ್ನೂ ಹಗುರಾಗಲು ಬಿಡೋದಿಲ್ಲ. ಆದರೆ ಒಂಬತ್ತು ವರ್ಷದ ಮಗುವಿಗೆ ಅದನ್ನು ಕೊಡಲು ನನಗೆ ಧೈರ್ಯ ಸಾಲದು. ಹನಾವೊ ಕಥೆ ಮಗುವನ್ನು ನಗಿಸುತ್ತೆ. ನಗು ಮುಗಿದ ಮೇಲೆ ಮಗು ಕೇಳುತ್ತೆ: "ನಿಜವಾಗ್ಲೂ ಕೊಂದ್ರಾ ಅಪ್ಪಾ?"

ಕೊಂದರು. 1943ರ ಆಗಸ್ಟ್‌ನಲ್ಲಿ ಟೋಕಿಯೋದ ಗವರ್ನರ್ ಆದೇಶ ಹೊರಡಿಸಿದ. ಬಾಂಬ್ ಬಿದ್ದು ಬೋನು ಒಡೆದರೆ ಮೃಗಗಳು ಬೀದಿಗೆ ಬರುತ್ತವೆ, ಆದ್ದರಿಂದ ಉಯೆನೊ ಮೃಗಾಲಯದ ಅಪಾಯಕಾರಿ ಪ್ರಾಣಿಗಳನ್ನೆಲ್ಲ ಮುಗಿಸಿ ಅಂತ. ಮೂರು ಆನೆಗಳಿದ್ದವು: ಜಾನ್, ಟೊಂಕಿ, ವಾನ್ರಿ. ವಿಷ ಹಾಕಿದ ಆಲೂಗಡ್ಡೆ ಕೊಟ್ಟರೆ ತಿನ್ನಲಿಲ್ಲ. ಚರ್ಮಕ್ಕೆ ಸೂಜಿ ಇಳಿಯಲಿಲ್ಲ. ಉಳಿದದ್ದು ಒಂದೇ ದಾರಿ, ಉಪವಾಸ ಕೆಡವುವುದು. ಆಟ ಆಡಿದರೆ ತಿನ್ನಲು ಸಿಗುತ್ತೆ ಅನ್ನೋದು ಆನೆಗೆ ರೂಢಿಯಲ್ವಾ? ಸಾಯುವ ದಿನಗಳಲ್ಲೂ ಯಾರಾದರೂ ಕಂಡರೆ ಸಾಕು, ಟೊಂಕಿ ತಾನು ಕಲಿತ ಆಟ ಆಡಿ ತೋರಿಸುತ್ತಿತ್ತಂತೆ.

ಇದನ್ನೂ ಕೇಳಿ. ಸೆಪ್ಟೆಂಬರ್ 4ರಂದು, ಸತ್ತ ಪ್ರಾಣಿಗಳಿಗೆ ಸಾರ್ವಜನಿಕವಾಗಿ ಶ್ರದ್ಧಾಂಜಲಿ ಸಭೆ ನಡೆಯಿತು. ಅವತ್ತಿಗೆ ವಾನ್ರಿ, ಟೊಂಕಿ ಇನ್ನೂ ಜೀವಂತವಾಗಿದ್ದವು! ಅದೇ ಮೃಗಾಲಯದಲ್ಲಿ, ಜನರ ಕಣ್ಣಿಗೆ ಬೀಳದಂತೆ. ವಾನ್ರಿ ಸತ್ತದ್ದು 11ಕ್ಕೆ, ಟೊಂಕಿ 23ಕ್ಕೆ. ನಾನೂ ಸುದ್ದಿ ಮನೆಯವನು. ಯಾರಾದರೂ ಹಿರಿಯರು ಆಸ್ಪತ್ರೆಯಲ್ಲಿದ್ದಾಗಲೇ ಶ್ರದ್ಧಾಂಜಲಿ ವಿಡಿಯೋ ಸಿದ್ಧ ಮಾಡಿಟ್ಟುಕೊಳ್ಳುವ ವೃತ್ತಿ ನಮ್ಮದು. ಆದರೂ ಈ ದಿನಾಂಕಗಳನ್ನು ಓದಿದಾಗ ಮೈ ಜುಮ್ಮೆಂದಿತು.

ಕಥೆಯಲ್ಲಿ ಬಾಂಬ್ ಬೀಳುತ್ತದೆ. ಇಲ್ಲಿ ಮಾತ್ರ ನಾನು ಫುಜಿಕೊ ಅವರ ಜೊತೆ ಇಲ್ಲ. ಟೋಕಿಯೋ ಮೇಲೆ ಅಮೆರಿಕದ ಸಾಲುಸಾಲು ದಾಳಿ ಶುರುವಾದದ್ದು 1944ರ ನವೆಂಬರ್‌ನಲ್ಲಿ, ಅಂದ್ರೆ ಆನೆಗಳು ಸತ್ತು ಒಂದು ವರ್ಷ ದಾಟಿದ ಮೇಲೆ. ಹಾಗಾದರೆ ಯಾಕೆ ಕೊಂದರು? ಯುದ್ಧ ಮನೆ ಬಾಗಿಲಿಗೆ ಬರುತ್ತಿದೆ, ತ್ಯಾಗಕ್ಕೆ ತಯಾರಾಗಿ ಅಂತ ಜನರಿಗೆ ಮುಟ್ಟಿಸಬೇಕಿತ್ತು. ಅದಕ್ಕೆ ಮಕ್ಕಳು ಪ್ರೀತಿಸುವ ಪ್ರಾಣಿ ಬೇಕಾಯಿತು. ಬೇರೆ ದಾರಿ ಇರಲಿಲ್ಲ ಅನ್ನುವವರಿಗೆ ನಗೋಯಾದ ಹಿಗಾಶಿಯಾಮ ಮೃಗಾಲಯ ಉತ್ತರ. ಅಲ್ಲಿ ಮಕಾನಿ, ಎಲ್ಡೊ ಅನ್ನುವ ಎರಡು ಆನೆಗಳನ್ನು ಯುದ್ಧ ಮುಗಿಯುವವರೆಗೂ ಉಳಿಸಿಕೊಂಡರು. 1949ರಲ್ಲಿ ಅವುಗಳನ್ನು ನೋಡಲು ಮಕ್ಕಳು ವಿಶೇಷ ರೈಲು ಹತ್ತಿ ಬಂದರು.

ಆಗ ಟೋಕಿಯೋದ ಮಕ್ಕಳು ಕೂತು ಪತ್ರ ಬರೆದರು. ಯಾರಿಗೆ? ನಮ್ಮ ನೆಹರೂಗೆ. ನಮಗೊಂದು ಆನೆ ಕೊಡಿ ಅಂತ. ನೂರಾರು ಪತ್ರಗಳು. ಭಾರತೀಯ ವ್ಯಾಪಾರಿಯೊಬ್ಬರು ಅವನ್ನು ದೆಹಲಿಗೆ ತಲುಪಿಸಿದರು. ನೆಹರೂ ತಮ್ಮ ಮಗಳ ಹೆಸರನ್ನೇ ಇಟ್ಟು, ಇಂದಿರಾ ಅನ್ನುವ ಹದಿನೈದು ವರ್ಷದ ಹೆಣ್ಣಾನೆಯನ್ನು ಕಳಿಸಿಕೊಟ್ಟರು. 1949ರ ಸೆಪ್ಟೆಂಬರ್‌ನಲ್ಲಿ ಅದು ಹಡಗಿನಿಂದ ಇಳಿಯಿತು.

ಆ ಆನೆ ಎಲ್ಲಿಯದು ಗೊತ್ತಾ? ನಮ್ಮ ಮೈಸೂರಿನದು! ಅದಕ್ಕೆ ಗೊತ್ತಿದ್ದದ್ದು ಒಂದೇ ಭಾಷೆ, ಕನ್ನಡ. ಬಾ ಅಂದರೆ ಬರುತ್ತಿತ್ತು, ಜಪಾನಿ ಭಾಷೆಯಲ್ಲಿ ಕರೆದರೆ ಅಲ್ಲಾಡುತ್ತಿರಲಿಲ್ಲ. ಜೊತೆಗೆ ಹೋಗಿದ್ದ ಇಬ್ಬರು ಮಾವುತರ ಹತ್ತಿರ ಉಯೆನೊದ ಸಿಬ್ಬಂದಿ ಎರಡು ತಿಂಗಳು ಕೂತು ಕನ್ನಡ ಕಲಿತರು. ಇಂದು ನಮ್ಮ ಮಕ್ಕಳಿಗೆ ಜಪಾನಿನ ಬೆಕ್ಕು ಹಿಂದಿ ಕಲಿಸುತ್ತೆ. ಅಂದು ಜಪಾನಿನವರಿಗೆ ನಮ್ಮ ಆನೆ ಕನ್ನಡ ಕಲಿಸಿತ್ತು! ಕನ್ನಡಕ್ಕೆ ಡಬ್ಬಿಂಗ್ ಬೇಕೋ ಬೇಡವೋ ಅಂತ ನಾವು ದಶಕಗಟ್ಟಲೆ ಹೊಡೆದಾಡಿದೆವಲ್ಲ, ಆ ಚರ್ಚೆಗಳಲ್ಲಿ ಈ ಆನೆಯನ್ನು ಯಾರೂ ಸಾಕ್ಷಿಗೆ ಕರೆಯಲಿಲ್ಲ.

ಫುಜಿಕೊ ಹುಟ್ಟಿದ್ದು 1933ರಲ್ಲಿ. ಉಯೆನೊದ ಆನೆಗಳು ಸತ್ತಾಗ ಒಂಬತ್ತು ವರ್ಷದ ಹುಡುಗ, ಇಂದಿರಾ ಬಂದಿಳಿದಾಗ ಹದಿನೈದರವನು. ಇಂದಿರಾ ಉಯೆನೊದಲ್ಲಿದ್ದಾಗಲೇ, 1973ರಲ್ಲಿ, ಅವರು ಹನಾವೊನನ್ನು ರಾಕೆಟ್ಟಿಗೆ ಹತ್ತಿಸಿದರು. ಅದನ್ನು ಇಂಡಿಯಾಕ್ಕೇ ಯಾಕೆ ಕಳಿಸಿದರು ಅನ್ನೋದಕ್ಕೆ ನನ್ನದೊಂದು ಊಹೆ ಇದೆ: ಬಂದ ಆನೆಗೆ ಬದಲಾಗಿ ಒಂದನ್ನು ಹಿಂದಕ್ಕೆ ಕಳಿಸಿಕೊಟ್ಟರು. ಇಂದಿರಾ ತೀರಿಕೊಂಡದ್ದು 1983ರಲ್ಲಿ, ಉಯೆನೊದಲ್ಲೇ. ಮೊನ್ನೆ 2025ರ ಜುಲೈನಲ್ಲಿ ಬನ್ನೇರುಘಟ್ಟದಿಂದ ನಾಲ್ಕು ಆನೆಗಳು ವಿಮಾನದಲ್ಲಿ ಜಪಾನಿಗೆ ಹೋದವು. ಬದಲಿಗೆ ಬೇರೆ ಪ್ರಾಣಿಗಳು ಬರುವ ಒಪ್ಪಂದ. ಈ ಸಲ ಯಾವ ಮಗುವೂ ಪತ್ರ ಬರೆದದ್ದು ನಾನು ಕೇಳಲಿಲ್ಲ.

ಮಗಳ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. ಕಾರಣ ಕುಶ. ಇದೇ ದುಬಾರೆಯ ಆನೆ. ಮದದ ಕಾಲದಲ್ಲಿ ಶಿಬಿರ ಬಿಟ್ಟು ಕಾಡಾನೆಗಳ ಜೊತೆ ಸೇರಿಕೊಂಡಿತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ಅದರ ಪಾಡಿಗೆ ಅದಿತ್ತು. 2021ರ ಮಾರ್ಚ್‌ನಲ್ಲಿ ಹಿಡಿದು ತಂದು ಕ್ರಾಲ್‌ಗೆ ಹಾಕಿದರು. ಮರದ ದಿಮ್ಮಿಗಳ ನಡುವೆ ಸರಪಳಿ ಬಿಗಿಸಿಕೊಂಡು ನಿಂತ ಅದರ ಚಿತ್ರಗಳನ್ನು ನೀವೂ ನೋಡಿದ್ದೀರಿ. ಜನ ಸಿಟ್ಟಿಗೆದ್ದರು, ಸರ್ಕಾರ ಆದೇಶ ಮಾಡಿತು, ಜೂನ್‌ನಲ್ಲಿ ಕೊರಳಿಗೆ ರೇಡಿಯೋ ಕಾಲರ್ ಕಟ್ಟಿ ಬಂಡೀಪುರದ ಕಾಡಿಗೆ ಬಿಟ್ಟರು. ಸಾಕಿದವರನ್ನು ನಾನು ದೂರುವುದಿಲ್ಲ. ಮಗುವಿನಂತೆ ನೋಡಿಕೊಂಡ ಮಾವುತನಿಗೂ ಅದರಲ್ಲಿ ನೋವಿತ್ತು, ಊರೊಳಗೆ ಬಂದೀತು ಅನ್ನುವ ಭಯವೂ ಸುಳ್ಳಲ್ಲ. ಆದರೆ ಇಂಡಿಯಾದ ಕಾಡು ಅಂದರೆ ಆನೆಗೆ ಬಿಡುಗಡೆ ಅಂತ ಫುಜಿಕೊ ನಂಬಿದ್ದರಲ್ಲ, ಆ ಕಾಡಿನ ಅಂಚಿನಲ್ಲಿ ನಿಂತು ಮಗುವಿಗೆ ಏನು ಹೇಳಲಿ?

"ಇಲ್ಲಿಗೇ ಬಂದಿರಬಹುದು," ಅಂದೆ. ಸುಳ್ಳು ಹೇಳಿದೆ ಅನ್ನಿಸಲಿಲ್ಲ.

ಹೊರಡುವ ಮುಂಚೆ, ಆನೆಯ ಕಿವಿ ಹಿಂದೆ ಉಜ್ಜುತ್ತಿದ್ದ ಹಿರಿಯ ಮಾವುತರೊಬ್ಬರಿಗೆ ಇಂದಿರಾಳ ಕಥೆ ಹೇಳಿದೆ. ಜಪಾನಿನವರು ಕನ್ನಡ ಕಲಿತ ಭಾಗಕ್ಕೆ ಅವರು ಚಪ್ಪಾಳೆ ತಟ್ಟಬಹುದು ಅಂತ ನನ್ನ ನಿರೀಕ್ಷೆ. ಅವರು ಕೈ ನಿಲ್ಲಿಸಿ ಕೇಳಿದರು, "ಎಷ್ಟು ದಿನ ಕಲಿತ್ರು ಸಾರ್?"

"ಎರಡು ತಿಂಗಳು ಅಣ್ಣಾ."

"ಎರಡೇ ತಿಂಗಳಾ?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಆ ಮಾವುತರು ಅದನ್ನ ಬಿಟ್ಟು ಹೆಂಗೆ ಬಂದ್ರೋ ಏನೋ" ಅನ್ನುತ್ತಾ ಮತ್ತೆ ಉಜ್ಜತೊಡಗಿದರು.