ಅಬ್ಬಲೂರಿನ ಶಿಲಾಚಿತ್ರಗಳೂ ಪ್ರಭಾವನಾಂಗವೂ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಕೊನೆಯದು ಪ್ರಭಾವನಾ. ಅಜ್ಞಾನದ ಕತ್ತಲೆಯನ್ನು ನೀಗಿ ಜಿನಶಾಸನದ ಮಹಿಮೆಯನ್ನು ಲೋಕಕ್ಕೆ ತೋರಿಸಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಆದರೆ ನೆರೆಹೊರೆಯವರ ಮನಸ್ಸಿನಲ್ಲಿ ಒಂದು ಧರ್ಮದ ವಿಕೃತ ಚಿತ್ರವು ಮೊದಲೇ ಬೇರೂರಿದ್ದರೆ, ಅದರ ಅನುಯಾಯಿಯು ಬಾಯಿ ತೆರೆಯುವನೇ? ಹಾವೇರಿ ಸೀಮೆಯ ಚರಿತ್ರೆಯಲ್ಲಿ ಈ ಪ್ರಶ್ನೆಯು ಕಲ್ಲಿನಲ್ಲಿಯೇ ಕೊರೆದು ನಿಂತಿದೆ.

ಒಂದು ಕಾಲಕ್ಕೆ ಈ ಸೀಮೆಯಲ್ಲಿ ಜೈನಧರ್ಮಕ್ಕೆ ಸಂಕೋಚವೆಂಬುದೇ ಇರಲಿಲ್ಲ. ಗುಣಭದ್ರಾಚಾರ್ಯರ ಉತ್ತರಪುರಾಣವು 898ರಲ್ಲಿ ಬಂಕಾಪುರದಲ್ಲಿ ಪೂಜೆಗೊಂಡಿತು. ಅದೇ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಗಂಗರ ಮಾರಸಿಂಹನು 974ರಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ತ್ಯಜಿಸಿದನು. ರಾಣೆಬೆನ್ನೂರಿನಲ್ಲಿಯೂ ರಾಷ್ಟ್ರಕೂಟರ ಕಾಲದಲ್ಲಿ ಬಸದಿಗೆ ದತ್ತಿ ಸಂದುದನ್ನು ಶಾಸನವು ಹೇಳುತ್ತದೆ.

ಹಿರೇಕೆರೂರು ಭಾಗದ ಅಬ್ಬಲೂರಿನಲ್ಲಿ ಕಾಣುವುದು ಬೇರೆಯೇ ದೃಶ್ಯ. ಸರ್ವಜ್ಞನ ಹೆಸರಿನೊಡನೆಯೂ ಜನರು ನೆನೆಯುವ ಊರು ಇದು. ಇಲ್ಲಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ದೀರ್ಘ ಶಾಸನವೊಂದಿದೆ. ಜೆ. ಎಫ್. ಫ್ಲೀಟರು ಅದನ್ನು ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಪ್ರಕಟಿಸಿದರು. ಆಳಂದೆಯಿಂದ ಬಂದ ಶಿವಭಕ್ತ ಏಕಾಂತದ ರಾಮಯ್ಯನಿಗೂ ಸಂಕಗಾವುಂಡನ ಮುಂದಾಳುತನದ ಜೈನರಿಗೂ ವಾದವಾಯಿತಂತೆ. ಶಿರಸ್ಸನ್ನು ಅರಿದು ಮತ್ತೆ ಪಡೆದರೆ ಜಿನಬಿಂಬವನ್ನು ತೆಗೆದು ಶಿವನನ್ನು ನಿಲ್ಲಿಸುವೆವೆಂದು ಜೈನರು ಓಲೆ ಬರೆದುಕೊಟ್ಟರಂತೆ. ಏಳನೆಯ ದಿನ ಅವನು ತಲೆಯನ್ನು ಪಡೆದರೂ ಅವರು ಮಾತಿಗೆ ತಪ್ಪಿದರೆಂದೂ, ಅವನು ಜಿನಬಿಂಬವನ್ನು ಒಡೆದನೆಂದೂ, ದೂರು ಹೋದಾಗ ಬಿಜ್ಜಳನು ಅವನಿಗೇ ಜಯಪತ್ರವನ್ನು ಕೊಟ್ಟನೆಂದೂ ಶಾಸನವು ಹೇಳುತ್ತದೆ. ದೇವಾಲಯದಲ್ಲಿ ಇದೇ ಕಥೆಯು ಶಿಲ್ಪಗಳಾಗಿ, ಕೆಳಗೆ ಕಿರುಬರಹಗಳೊಡನೆ ಮೂಡಿದೆ. ಓದುಬಲ್ಲವನಿಗೆ ಬರಹ, ಓದಲಾರದವನಿಗೆ ಚಿತ್ರ! ಇಂದಿನ ಸಮೂಹಮಾಧ್ಯಮದ ಲಕ್ಷಣವೂ ಇದೇ ಅಲ್ಲವೆ? ಮುಂದೆ ಹರಿಹರನ ರಗಳೆಯೂ ಭೀಮಕವಿಯ ಬಸವಪುರಾಣವೂ ಆ ಕಥೆಯನ್ನು ನಾಡಿನಾದ್ಯಂತ ಹರಡಿದವು.

ಪವಾಡದ ಸತ್ಯಾಸತ್ಯತೆಯ ವಿಚಾರ ಇಲ್ಲಿ ಮುಖ್ಯವಲ್ಲ. ಆ ಶಿಲ್ಪಗಳಲ್ಲಿ ಜೈನನು ಮಾತಿಗೆ ತಪ್ಪುವವನಾಗಿ ನಿಂತಿದ್ದಾನೆ; ಅವನ ಪಕ್ಷದ ಮಾತಿಗೆ ಅಲ್ಲಿ ಎಡೆಯಿಲ್ಲ. ಜೈನಧರ್ಮದ ಇಳಿಗಾಲಕ್ಕೆ ರಾಜಾಶ್ರಯದ ನಾಶವೇ ಮೊದಲಾದ ಕಾರಣಗಳು ಹಲವಿವೆ. ಕಥೆಯೊಂದರಿಂದಲೇ ಧರ್ಮವು ಕುಗ್ಗಿತೆನ್ನುವುದು ಅತಿಶಯೋಕ್ತಿಯಾದೀತು. ಆದರೂ ಆ ದೇವಾಲಯದ ಊರಿನಲ್ಲಿ ಬಾಳಿದ ಶ್ರಾವಕನು ವಾದಕ್ಕಿಳಿಯುವುದಕ್ಕಿಂತ ಮನೆಯೊಳಗಿನ ವ್ರತನಿಯಮಗಳಲ್ಲಿ ಧರ್ಮವನ್ನು ಕಾಪಾಡಿಕೊಳ್ಳುವುದೇ ಲೇಸೆಂದು ಬಗೆದಿದ್ದರೆ ಆಶ್ಚರ್ಯವಿಲ್ಲ. ಹಾಗೆಂದು ಜೈನರು ಎಲ್ಲೆಡೆಯೂ ಮೌನವಾಗಿಯೇ ಇದ್ದರೆಂದಲ್ಲ. ಧರಣಿಪಂಡಿತನ ಬಿಜ್ಜಳರಾಯಚರಿತೆಯು ಬಸವಣ್ಣನವರನ್ನು ಹೀನಾಯವಾಗಿ ಚಿತ್ರಿಸಿ ಸೇಡು ತೀರಿಸಿಕೊಂಡಿತು. ಅದೂ ವಿಕೃತಚಿತ್ರಣವೇ. ಉಪಗೂಹನವನ್ನು ಬೋಧಿಸುವ ಧರ್ಮದವರು ಬರೆದರೆಂಬ ಕಾರಣಕ್ಕೆ ಅದು ಇನ್ನಷ್ಟು ನೋವಿನ ಸಂಗತಿ.

ನಮ್ಮ ಕಾಲದಲ್ಲಿ ಕ್ರೈಸ್ತರ ಪಾಡು ಇದಕ್ಕೆ ಸಮೀಪದ್ದು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು ಸುಮಾರು 4.4 ಲಕ್ಷ, ಕ್ರೈಸ್ತರು ಸುಮಾರು 11.4 ಲಕ್ಷ. ಇಬ್ಬರೂ ಅಲ್ಪಸಂಖ್ಯಾತರೇ. ಹಿಂದಿ ಚಲನಚಿತ್ರಗಳು ಬಹುಕಾಲ ಖಳನ ಬಂಟನಿಗೆ ರಾಬರ್ಟನೆಂದೂ ಕುಡುಕನಿಗೆ ಆಂಟನಿಯೆಂದೂ ಹೆಸರಿಟ್ಟವು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು, ದಾವಣಗೆರೆ ಮೊದಲಾದ ಕಡೆ ಚರ್ಚುಗಳ ಮೇಲೆ ದಾಳಿಗಳಾದಾಗ, ಹಿಂದೂ ದೇವತೆಗಳನ್ನು ನಿಂದಿಸಿತೆನ್ನಲಾದ ‘ಸತ್ಯದರ್ಶಿನಿ’ ಎಂಬ ಪುಸ್ತಕದ ಮಾತು ಎದ್ದಿತು. ಪರನಿಂದೆಯ ಬರಹವು ತಪ್ಪೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರೊಡನೆ ಸಂಬಂಧವೇ ಇಲ್ಲದ ಕಥೋಲಿಕ ಪ್ರಾರ್ಥನಾಲಯಗಳೂ ಏಟು ತಿಂದವು. ಮತಾಂತರವೆಂಬ ಒಂದೇ ಶಬ್ದದಿಂದ ಇಡೀ ಸಮುದಾಯವನ್ನು ಗುರುತಿಸತೊಡಗಿದಾಗ, ದಾವಣಗೆರೆಗೆ ನೆರೆಯ ರಾಣೆಬೆನ್ನೂರಿನಲ್ಲಾಗಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಾಗಲಿ ಬಾಳುವ ಕ್ರೈಸ್ತನು ತನ್ನ ನಂಬಿಕೆಯ ಮಾತನ್ನು ತೂಗಿ ಆಡಬೇಕಾಗುತ್ತದೆ. ನೆರೆಯವನು ನಿಜವಾದ ಕುತೂಹಲದಿಂದ ಕೇಳಿದರೂ ಉತ್ತರವು ತಡವರಿಸುತ್ತದೆ. ಅಬ್ಬಲೂರಿನ ಕಥೆಯನ್ನು ಬಲ್ಲ ಜೈನನಿಗೆ ಈ ಅಳುಕು ಅಪರಿಚಿತವಲ್ಲ.

ಕಲ್ಲಿನ ಮಾತಿಗೆ ಕಲ್ಲಿನಲ್ಲಿಯೇ ಪರಿಹಾರ ದೊರೆತ ಉದಾಹರಣೆಯೂ ನಾಡಿನಲ್ಲಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾದಾಗ ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ವಿಧಿಸಿದನು. ಆ ಶಾಸನವು ಶ್ರವಣಬೆಳಗೊಳದಲ್ಲಿಯೂ ಮಾಗಡಿ ಬಳಿಯ ಕಲ್ಯದಲ್ಲಿಯೂ ಇದೆ. ರಾಜ್ಯದ ಬಸದಿಗಳಲ್ಲೆಲ್ಲ ಅದನ್ನು ನೆಡಿಸುವ ಹೊಣೆಯು ಜೈನರದಾಗಿರದೆ ಶ್ರೀವೈಷ್ಣವರದಾಗಿತ್ತು. ಜೈನರ ಮನೆಗಳಿಂದ ವರ್ಷಕ್ಕೊಂದು ಹಣದಂತೆ ಎತ್ತಿ ಬೆಳಗೊಳದ ದೇವರಿಗೆ 20 ಜನ ಕಾವಲುಗಾರರನ್ನಿರಿಸಬೇಕೆಂದೂ, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣಬಣ್ಣ ಮಾಡಿಸಬೇಕೆಂದೂ ಕಟ್ಟಳೆಯಾಯಿತು; ಅದರ ಆಡಳಿತವನ್ನು ವಹಿಸಿಕೊಂಡವರು ತಿರುಮಲೆಯ ತಾತಯ್ಯನವರು.