ಹೊಳೆಯಾಚೆಯ ವಿಳಾಸ

ಒಬ್ಬನ ಹೆಸರು ಗೊತ್ತು, ಊರೂ ಗೊತ್ತು. ಆದರೂ ಅವನಿಗೆ ಒಂದು ಮಾತು ಮುಟ್ಟಿಸುವುದು ಹೇಗೆಂಬುದು ಗೊತ್ತಿಲ್ಲ. ಈ ಫಜೀತಿ ನಮ್ಮ ಕಾಲದ್ದು ಮಾತ್ರವೆಂದು ತಿಳಿದವರುಂಟು. ನಾನೂ ಹಾಗೆಯೇ ತಿಳಿದಿದ್ದೆ. ಮೊನ್ನೆ ಹಳೆಯ ಟ್ರಂಕೊಂದನ್ನು ಒರೆಸಿ ಬಿಸಿಲಿಗಿಡುವಾಗ ನಮ್ಮ ದೊಡ್ಡಪ್ಪನವರ ವಿಳಾಸದ ಪುಸ್ತಕ ಸಿಕ್ಕಿತು. ದಾವಣಗೆರೆಯ ಮಂಡಿಯೊಂದರಲ್ಲಿ ಗುಮಾಸ್ತರಾಗಿ ಆಯುಷ್ಯ ಸವೆಸಿದವರು ಅವರು. ಪುಸ್ತಕದಲ್ಲಿ ಮನೆಯ ನಂಬರು, ಬೀದಿಯ ಹೆಸರು ಇರುವ ವಿಳಾಸಗಳು ಬೆರಳೆಣಿಕೆಯಷ್ಟು. ಉಳಿದವೆಲ್ಲ ‘ಇಂಥವರ ಮಾರ್ಫತು’, ‘ಇಂಥ ಮಂಡಿಯ ಕೇರಾಫು’, ಇಲ್ಲವೆ ‘ಹರಿಹರ, ದೊಡ್ಡ ಗುಡಿಯ ಹಿಂದಿನ ಓಣಿ, ಕೇಳಿದರೆ ತೋರಿಸುತ್ತಾರೆ’.

ಕೇಳಿದರೆ ತೋರಿಸುತ್ತಾರೆ! ಯಾರನ್ನು ಕೇಳಬೇಕು? ಅವರು ಏಕೆ ತೋರಿಸಬೇಕು? ವಿಳಾಸವೆಂಬುದರ ಚರಿತ್ರೆಯನ್ನು ಬಿಚ್ಚುತ್ತ ಹೋದರೆ ಈ ಎರಡು ಪ್ರಶ್ನೆಗಳೇ ಮತ್ತೆ ಮತ್ತೆ ಎದುರಾಗುತ್ತವೆ.

ದಾವಣಗೆರೆ ವ್ಯಾಪಾರದಿಂದ ಬೆಳೆದ ಊರು. ಹೈದರಾಲಿಯು ಇದನ್ನು ಅಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರನ್ನು ಕರೆದು ನೆಲೆಗೊಳಿಸಿದನು. ಸರದಾರನಿಗೆ ಸಂತಾನವಿರಲಿಲ್ಲ, ಪೇಟೆ ಮಾತ್ರ ಉಳಿಯಿತು. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಂದ ದೂರದ ವಾಲಾಜಾಪೇಟೆಗೆ ಹೋಗುತ್ತಿದ್ದವು. ಮದರಾಸಿನಲ್ಲಿಳಿದ ಪರದೇಶದ ಸರಕು ಆ ದಾರಿಯಿಂದಲೇ ಮರಳಿ ಬರುತ್ತಿತ್ತು. ಅಷ್ಟು ದೂರದ ವ್ಯವಹಾರ ಬರಿಯ ನಂಬಿಕೆಯ ಮೇಲೆ ನಡೆಯುವುದಿಲ್ಲ. ಕಾಗದ ಬೇಕು, ಹುಂಡಿ ಬೇಕು. ವರ್ತಕರ ಹುಂಡಿಗಳಲ್ಲಿ ‘ಷಾಹಜೋಗ್’ ಎಂಬುದೊಂದು ಜಾತಿ. ಅದನ್ನು ಹಿಡಿದು ಬಂದವನೆಲ್ಲರಿಗೂ ಹಣ ಸಲ್ಲುವಂತಿಲ್ಲ. ಪೇಟೆಯಲ್ಲಿ ಪರಿಚಿತನಾದ ಮರ್ಯಾದಸ್ಥ ಸಾಹುಕಾರನ ಮೂಲಕವೇ ಬರಬೇಕು. ಮನುಷ್ಯ ಎಲ್ಲಿರುತ್ತಾನೆಂಬುದಕ್ಕಿಂತ ಅವನನ್ನು ಯಾರು ಬಲ್ಲರು ಎಂಬುದು ಅಂದು ಮುಖ್ಯ. ಕೇರಾಫು ಎಂಬ ಪದ್ಧತಿಯ ಬೇರು ಇಲ್ಲಿದೆಯೆಂದು ನನಗೆ ತೋರುತ್ತದೆ.

ಇಲ್ಲಿಂದ ಸುಮಾರು ೧೪ ಕಿಲೋಮೀಟರಿನಾಚೆಗೆ ಹರಿಹರ. ಅಲ್ಲಿ ಕಥೆಗೆ ಇನ್ನೊಂದು ತಿರುವು. ಹರಿದ್ರೆ ತುಂಗಭದ್ರೆಯನ್ನು ಸೇರುವ ಈ ಕೂಡಲೂರಿನಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು ಹದಿಮೂರನೆಯ ಶತಮಾನದಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದನು. ಶಿವನನ್ನೂ ವಿಷ್ಣುವನ್ನೂ ಒಂದೇ ಮೂರ್ತಿಯಲ್ಲಿ ಕೂಡಿಸಿದ ಊರು ಇದು. ಆದರೆ ಹೊಳೆ ಮಾತ್ರ ದಡಗಳನ್ನು ಬಗೆದೇ ಇತ್ತು. ಈಚೆ ದಡ ಮೈಸೂರು ಸೀಮೆ. ಆಚೆಯ ರಾಣಿಬೆನ್ನೂರು ಧಾರವಾಡ ಜಿಲ್ಲೆ, ಎಂದರೆ ಬೊಂಬಾಯಿ ಇಲಾಖೆ. ಈಚೆಯವರು ‘ಅಂಚೆ’ ಎಂದರು, ಆಚೆಯವರು ‘ಟಪಾಲು’ ಎಂದರು. ಎರಡು ಪದ ಮಾತ್ರವಲ್ಲ, ಎರಡು ಇಲಾಖೆಗಳೇ ಇದ್ದವು.

ಮೈಸೂರು ಅಂಚೆಯನ್ನು ೧೬೭೨ರಲ್ಲಿ ಏರ್ಪಡಿಸಿದವನು ಚಿಕ್ಕದೇವರಾಜ ಒಡೆಯನೆಂದು ಇತಿಹಾಸಕಾರರು ಹೇಳುತ್ತಾರೆ. ಹಂಸವೇ ತದ್ಭವವಾಗಿ ‘ಅಂಚೆ’ಯಾಯಿತು, ನಳದಮಯಂತಿಯರ ದೂತನ ಹೆಸರೇ ಇಲಾಖೆಗೆ ಬಂತು ಎಂದು ರಸಿಕರು ಹೇಳುವುದುಂಟು. ಹಂಸ ಸರಿ, ಆದರೆ ಈ ಹಂಸಕ್ಕೆ ಕಿವಿಯೂ ಇತ್ತು. ಅಂಚೆಯ ಅಧಿಕಾರಿಗಳು ಕಾಗದ ಸಾಗಿಸುವುದರ ಜೊತೆಗೆ ನಾಡಿನಲ್ಲಿ ನಡೆದುದನ್ನು ದೊರೆಗೆ ಗುಟ್ಟಾಗಿ ತಿಳಿಸಬೇಕಾಗಿತ್ತೆಂದು ವಿಲ್ಕ್ಸ್ ಬರೆದಿದ್ದಾನೆ. ನಮ್ಮ ಕಾಗದವನ್ನು ನಡುವೆ ಇನ್ನಾರೋ ನೋಡುತ್ತಾರೆಂಬ ಅಂಜಿಕೆ ಈ ಕಾಲದ ಯಂತ್ರಗಳಿಂದ ಹುಟ್ಟಿದ್ದೆಂದು ನಂಬಿರುವ ಮಿತ್ರರಿಗೆ ಈ ಸಂಗತಿಯನ್ನು ಅರಿಕೆಮಾಡುತ್ತೇನೆ.

೧೮೫೪ರ ಅಂಚೆ ಕಾಯಿದೆಯಿಂದ ಬ್ರಿಟಿಷ್ ಇಂಡಿಯಾದಲ್ಲಿ ಅರ್ಧ ಆಣೆಗೆ ಕಾಲು ತೊಲೆಯ ಕಾಗದ ಎಷ್ಟು ದೂರಕ್ಕಾದರೂ ಹೋಗುವಂತಾಯಿತು. ೧೮೬೮ರಲ್ಲಿ ಹರಿಹರದ ಬಳಿ ಹೊಳೆಗೆ ಕಲ್ಲಿನ ಸೇತುವೆ ಬಂತು. ಅದುವರೆಗೆ ಮಳೆಗಾಲದಲ್ಲಿ ಹರಿಗೋಲೇ ಗತಿ. ೧೮೭೯ರಲ್ಲಿ ಕಾಲಾಣೆಯ ಕಾರ್ಡು, ಮರುವರ್ಷ ಮನಿಯಾರ್ಡರು. ಮುಂದೆ ೧೮೮೯ ಬಂತು. ಆ ವರ್ಷದ ಏಪ್ರಿಲ್ ೧ರಂದು ಮೈಸೂರು ಅಂಚೆಯು ಇಂಡಿಯಾ ಸರ್ಕಾರದ ಟಪಾಲಿನಲ್ಲಿ ಲೀನವಾಯಿತು. ಬೆಂಗಳೂರಿನಿಂದ ಹೊರಟ ರೈಲುದಾರಿಯೂ ಅದೇ ವರ್ಷ ಹರಿಹರವನ್ನು ಮುಟ್ಟಿತು. ಇಲಾಖೆ ಅಳಿದರೂ ಹೆಸರು ಅಳಿಯಲಿಲ್ಲ. ಗೆದ್ದದ್ದು ಟಪಾಲು, ಇಂದು ಕನ್ನಡನಾಡಿನ ಉದ್ದಗಲಕ್ಕೂ ಬೋರ್ಡಿನ ಮೇಲಿರುವುದು ‘ಅಂಚೆ’!

ಇನ್ನು ಮಂಡಿಯ ಮಾತು. ಇಪ್ಪತ್ತನೆಯ ಶತಮಾನದಲ್ಲಿ ದಾವಣಗೆರೆಗೆ ಹತ್ತಿ ಗಿರಣಿಗಳು ಬಂದವು, ಹರಿಹರಕ್ಕೆ ೧೯೪೧ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಸುತ್ತಲ ಹಳ್ಳಿಗಳಿಂದ, ಹೊಳೆಯಾಚೆಯಿಂದ ಜನ ಕೆಲಸಕ್ಕೆ ಬಂದರು. ನಾಲ್ಕೈದು ಮಂದಿ ಒಂದು ಕೋಣೆ ಹಿಡಿದು ಪಾಳಿಯಲ್ಲಿ ಮಲಗುವವರಿಗೆ ವಿಳಾಸವೆಲ್ಲಿಯದು? ಊರಿನ ರೈತ ಯಾವ ಮಂಡಿಗೆ ಹತ್ತಿ, ಶೇಂಗಾ ಹಾಕುತ್ತಾನೋ ಆ ಮಂಡಿಯೇ ಆ ಊರಿನ ಹುಡುಗರಿಗೂ ವಿಳಾಸ. ದೊಡ್ಡಪ್ಪನವರ ಗಲ್ಲಾದ ಪಕ್ಕದ ಗೋಡೆಗೆ ಬಾಗಿಸಿದ ತಂತಿಯೊಂದನ್ನು ಹೊಡೆದಿದ್ದರು. ಬಂದ ಕಾರ್ಡುಗಳನ್ನೆಲ್ಲ ಅದಕ್ಕೆ ಚುಚ್ಚುವುದು. ಭಾನುವಾರ ಹುಡುಗರು ಬಂದು ತಮ್ಮದನ್ನು ಕಿತ್ತುಕೊಳ್ಳುವುದು. ಓದಲು ಬಾರದವರಿಗೆ ದೊಡ್ಡಪ್ಪ ಗಟ್ಟಿಯಾಗಿ ಓದುವುದು. ‘ಉಭಯಕುಶಲೋಪರಿ ಸಾಂಪ್ರತ’ ಎಂದು ತೊಡಗಿದ ಕಾರ್ಡಿನಲ್ಲಿ ಎತ್ತು ಸತ್ತದ್ದು, ತಂಗಿಯ ಗಂಡನ ಮನೆಯವರ ಜಗಳ, ಹೆಂಡತಿಗೆ ತಿಂಗಳು ನಿಂತದ್ದು ಎಲ್ಲವೂ ಮಂಡಿಯಲ್ಲಿ ಕುಳಿತವರ ಕಿವಿಗೆ ಬೀಳುತ್ತಿತ್ತು. ಹೆಂಡತಿಯ ಮಾತನ್ನು ಅಲ್ಲಿ ಊರ ಮೇಷ್ಟರು ಬರೆದು, ಇಲ್ಲಿ ಗುಮಾಸ್ತರು ಓದಿದರೆ ಅವಳದೆಂಬ ಮಾತು ಎಷ್ಟು ಉಳಿದೀತು? ಮನಿಯಾರ್ಡರಿನ ಅಡಿಯ ತುಂಡು ಚೀಟಿಯಲ್ಲಿ ಎರಡು ಸಾಲು ಬರೆಯಲು ಜಾಗವಿರುತ್ತಿತ್ತು. ಹಣದೊಡನೆ ಆ ಎರಡು ಸಾಲು ಪುಕ್ಕಟೆ. ಎಷ್ಟೋ ಸಂಸಾರಗಳು ಅಷ್ಟರಲ್ಲಿಯೇ ನಡೆದವು.

ದೊಡ್ಡಪ್ಪನವರದು ರೋಣ ತಾಲ್ಲೂಕಿನ ಹಳ್ಳಿ. ಎಲ್ಲರ ಕಾಗದವನ್ನೂ ಕಾಯುತ್ತಿದ್ದ ಅವರು ತಮ್ಮ ವಿಳಾಸವೆಂದು ಮನೆಗೆ ತಿಳಿಸಿದ್ದೂ ಮಂಡಿಯದನ್ನೇ. ಹಳೇಪೇಟೆಯ ಬಾಡಿಗೆ ಕೋಣೆಯ ಸುದ್ದಿ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ನಮ್ಮ ಅಜ್ಜ ತೀರಿಕೊಂಡರು. ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮೀಡಿಯೆಟ್ಲಿ’ ಎಂದು ತಂತಿ ಹೋಯಿತು. ಸತ್ತರೂ ಸೀರಿಯಸ್ ಎಂದೇ ಬರೆಯುವುದು ಆಗಿನ ದಾಕ್ಷಿಣ್ಯ. ಅಂದು ಅಮಾವಾಸ್ಯೆ, ಮಂಡಿಗೆ ಬೀಗ. ತಂತಿಯವನು ಬಾಗಿಲಿಗೆ ಚೀಟಿ ಸಿಕ್ಕಿಸಿ ಹೋದನು. ಅರ್ಧ ಮೈಲಿ ದೂರದಲ್ಲಿ ದೊಡ್ಡಪ್ಪ ಹಗಲೆಲ್ಲ ನಿದ್ದೆ ಮಾಡಿದರು. ಅವರು ಊರು ಮುಟ್ಟುವ ವೇಳೆಗೆ ಮಣ್ಣು ಮುಗಿದು ಎರಡನೆಯ ದಿನ. ಈ ವಿಷಯವನ್ನು ಅವರು ಮಾತನಾಡಿದ್ದನ್ನು ನಾನು ಕೇಳಿಲ್ಲ. ನಮ್ಮ ತಂದೆ ಹೇಳಿದ್ದು. ಆದರೆ ಪುಸ್ತಕದಲ್ಲಿ ಬಾಗಿಲ ನಂಬರಿನೊಡನೆ ಬರೆದ ಮೊಟ್ಟಮೊದಲ ವಿಳಾಸ ಅವರದೇ ಕೋಣೆಯದು, ಅಕ್ಷರ ಸ್ವಲ್ಪ ದಪ್ಪ.

ತಂತಿಯೆಂದಾಗ ಇನ್ನೊಂದು ಸ್ವಾರಸ್ಯ. ತಂತಿಯಲ್ಲಿ ವಿಳಾಸದ ಪದಕ್ಕೂ ಕಾಸು. ಆದ್ದರಿಂದ ವರ್ತಕರು ವರ್ಷಕ್ಕಿಷ್ಟೆಂದು ಶುಲ್ಕ ಕಟ್ಟಿ ಒಂದೇ ಪದದ ‘ತಂತಿ ವಿಳಾಸ’ವನ್ನು ರಿಜಿಸ್ಟರು ಮಾಡಿಸುತ್ತಿದ್ದರು. ಆ ಪದ, ಊರಿನ ಹೆಸರು, ಇಷ್ಟಿದ್ದರೆ ಸಾಕು. ಬೀದಿ ಬೇಡ, ಮನೆತನ ಬೇಡ. ಒಂದು ಊರಿನಲ್ಲಿ ಒಬ್ಬರು ಹಿಡಿದ ಪದ ಇನ್ನೊಬ್ಬರಿಗಿಲ್ಲ. ದುಡ್ಡಿದ್ದವನಿಗೆ ತನ್ನ ಗುರುತನ್ನು ತಾನೇ ಇಟ್ಟುಕೊಳ್ಳುವ ಸ್ವಾತಂತ್ರ್ಯ ಬಂದದ್ದು ಹೀಗೆ. ದುಡ್ಡಿಲ್ಲದವನು ಕೇರಾಫಿನಲ್ಲಿಯೇ ಉಳಿದನು. ಟೆಲಿಫೋನು ಬಂದಾಗಲೂ ಇದೇ ಆಯಿತು. ಮದುವೆಯ ಕಾಗದದಲ್ಲಿ ನಂಬರಿನ ಮುಂದೆ ‘ಪಿ.ಪಿ.’ ಎಂದಿದ್ದರೆ ಫೋನು ಪಕ್ಕದ ಮನೆಯದೆಂದು ಅರ್ಥ. ಆ ಮನೆಯವರು ಊಟಕ್ಕೆ ಕುಳಿತಾಗ ಟ್ರಂಕ್ ಕಾಲ್ ಬಂದರೆ ಅವರ ಮುಖ ನೋಡಬೇಕಾಗಿತ್ತು!

ಮನುಷ್ಯನ ದಾಕ್ಷಿಣ್ಯವನ್ನು ದಾಟಿ ಅಂಕೆಗಳಿಂದಲೇ ಊರನ್ನು ಹಿಡಿಯುವ ಯೋಚನೆ ೧೯೭೨ರ ಆಗಸ್ಟ್ ೧೫ರಂದು ಜಾರಿಗೆ ಬಂತು. ಪಿನ್ ಕೋಡನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್, ಸಂಸ್ಕೃತದಲ್ಲಿ ಕಾವ್ಯ ಬರೆದ ಅಂಚೆ ಅಧಿಕಾರಿ. ಒಂದೇ ಹೆಸರಿನ ಊರುಗಳು, ನಾನಾ ಲಿಪಿಗಳು, ತಪ್ಪು ಕಾಗುಣಿತಗಳು—ಇವುಗಳ ಕಾಟಕ್ಕೆ ಇದು ಮದ್ದು. ನಮ್ಮ ಹರಿಹರಕ್ಕೂ ಕೊಪ್ಪ ತಾಲ್ಲೂಕಿನ ಹರಿಹರಪುರಕ್ಕೂ ಇರುವ ಅಂತರ ಒಂದು ‘ಪುರ’ದಷ್ಟೇ ಅಲ್ಲವೆ?

ತಮಾಷೆಯೆಂದರೆ ಅಂಕೆಗಳಲ್ಲಿಯೂ ಹಳೆಯ ಹೊಳೆ ಹರಿಯುತ್ತಿದೆ. ದಾವಣಗೆರೆ ೫೭೭೦೦೧, ಹರಿಹರ ೫೭೭೬೦೧. ಸೇತುವೆ ದಾಟಿದರೆ ೫೮೧ ಶುರು. ೧೯೫೬ರಲ್ಲಿ ಎರಡು ದಡಗಳೂ ಒಂದೇ ರಾಜ್ಯವಾದುವು, ಆದರೂ ಕಾಗದ ವಿಂಗಡಿಸುವವನ ಕೈಯಲ್ಲಿ ಮೈಸೂರು ಸೀಮೆ, ಧಾರವಾಡ ಸೀಮೆ ಇನ್ನೂ ಬೇರೆ ಬೇರೆ. ಆಚೆ ದಡದ ಕುಮಾರಪಟ್ಟಣದ ಕಾರ್ಖಾನೆಗೆ ಹೆಸರು ಹರಿಹರ ಪಾಲಿಫೈಬರ್ಸ್. ಹೆಸರು ನಮ್ಮ ಊರಿನದು, ಜಿಲ್ಲೆ ಹಾವೇರಿ. ೧೯೯೭ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾದಾಗ ಬಳ್ಳಾರಿಯ ಹರಪನಹಳ್ಳಿಯನ್ನು ಇತ್ತ ಸೇರಿಸಿದರು, ೨೦೧೮ರಲ್ಲಿ ಮತ್ತೆ ಅತ್ತ ಕಳಿಸಿದರು. ಈ ಓಡಾಟವನ್ನೆಲ್ಲ ಅಂಚೆಯವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹರಪನಹಳ್ಳಿ ಬಳ್ಳಾರಿಯ ೫೮೩ರಲ್ಲಿಯೇ ತಣ್ಣಗೆ ಇತ್ತು.

ಮುಂದಿನದು ಎಲ್ಲರಿಗೂ ತಿಳಿದದ್ದು. ಗಿರಣಿಗಳು ಒಂದೊಂದಾಗಿ ನಿಂತವು, ಹೊಸ ಶತಮಾನದ ಹೊಸ್ತಿಲಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತು. ಅವುಗಳ ಹೆಸರಿನಲ್ಲಿ ಕಾಗದ ಪಡೆಯುತ್ತಿದ್ದವರು ಎಲ್ಲೆಲ್ಲಿಯೋ ಚದುರಿದರು. ೨೦೧೩ರ ಜುಲೈಯಲ್ಲಿ ತಂತಿ ನಿಂತಿತು. ೨೦೨೫ರ ಸೆಪ್ಟೆಂಬರಿನಲ್ಲಿ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನಲ್ಲಿ ಕೂಡಿಸಿದರು. ಕೈಗೊಂದು ಫೋನು ಬಂದು ಮಾರ್ಫತು ಯಾರದೂ ಬೇಡವಾಯಿತು.

ದೊಡ್ಡಪ್ಪನವರ ಪುಸ್ತಕದಲ್ಲಿ ಹರಿಹರದ ಗೆಳೆಯರೊಬ್ಬರ ಹೆಸರಿನ ಕೆಳಗೆ ನಾಲ್ಕು ವಿಳಾಸಗಳಿವೆ. ಗುಡಿಯ ಹಿಂದಿನ ಓಣಿ. ಅದನ್ನು ಹೊಡೆದುಹಾಕಿ ಕಾರ್ಖಾನೆಯ ಕ್ವಾರ್ಟರ್ಸು. ಅದನ್ನೂ ಹೊಡೆದು ಒಂದು ಪಿ.ಪಿ. ನಂಬರು, ಕೊನೆಗೆ ನಡುಗುವ ಕೈಯಲ್ಲಿ ಹತ್ತು ಅಂಕೆಯ ಮೊಬೈಲು. ದೊಡ್ಡಪ್ಪ ತೀರಿಕೊಂಡ ಸುದ್ದಿಯನ್ನು ಅವರಿಗೆ ಯಾರೂ ತಿಳಿಸಿರಲಾರರೆಂದು ಆ ನಂಬರಿಗೆ ಕರೆಮಾಡಿದೆ. ಎತ್ತಿಕೊಂಡವನು ಯಾರೋ ತುಮಕೂರಿನ ಹುಡುಗ. ನಂಬರು ತೆಗೆದುಕೊಂಡು ಎರಡು ವರ್ಷವಾಯಿತೆಂದನು. ಐವತ್ತು ಪೈಸೆಯ ಕಾರ್ಡೊಂದನ್ನು ತಂದು ಮೊದಲನೆಯ ವಿಳಾಸಕ್ಕೇ ಬರೆದು ಹಾಕಿದ್ದೇನೆ.