ಕಥಾಪಾತ್ರಗಳ ಬೆಳವಣಿಗೆ: ಕೆಲವು ಕನ್ನಡ ಕಾದಂಬರಿಗಳ ನಿದರ್ಶನ

ಮೊದಲ ಪುಟದಲ್ಲಿ ಕಂಡ ವ್ಯಕ್ತಿ ಕೊನೆಯ ಪುಟದಲ್ಲಿಯೂ ಹಾಗೆಯೇ ಉಳಿದರೆ ಅದು ಲೇಖಕನ ಸೋಲೆಂದು ಭಾವಿಸುವವರುಂಟು. ಈ ಅಭಿಪ್ರಾಯವನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಆಂಗ್ಲ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಪಾತ್ರಗಳನ್ನು ಚಪ್ಪಟೆ, ದುಂಡು ಎಂದು ವಿಂಗಡಿಸಿದರು. ನಂಬುವಂತೆಯೇ ನಮ್ಮನ್ನು ಬೆರಗುಗೊಳಿಸಬಲ್ಲ ಪಾತ್ರವೇ ದುಂಡಾದುದೆಂಬುದು ಅವರ ಒರೆಗಲ್ಲು. ಇಲ್ಲಿ ‘ನಂಬುವಂತೆ’ ಎಂಬ ಮಾತೇ ಮುಖ್ಯವಾದುದು.

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಪ್ರಾಣೇಶಾಚಾರ್ಯರನ್ನು ನೋಡೋಣ. ದೂರ್ವಾಸಪುರ ಅಗ್ರಹಾರಕ್ಕೆಲ್ಲ ಧರ್ಮನಿರ್ಣಯ ಮಾಡಬಲ್ಲ ವಿದ್ವಾಂಸರು. ರೋಗಿಷ್ಠಳಾದ ಪತ್ನಿಯ ಸೇವೆಯನ್ನೇ ತಪಸ್ಸೆಂದು ನಂಬಿದವರು. ಆಚಾರ ತೊರೆದ ನಾರಣಪ್ಪನ ಶವಕ್ಕೆ ಸಂಸ್ಕಾರ ಮಾಡುವವರು ಯಾರೆಂಬ ಪ್ರಶ್ನೆಗೆ ಗ್ರಂಥಗಳಲ್ಲಿ ಉತ್ತರವಿಲ್ಲ. ಮಾರುತಿಯೂ ಪ್ರಸಾದ ಕೊಡುವುದಿಲ್ಲ. ಆ ರಾತ್ರಿ ಕಾಡಿನಲ್ಲಿ ಚಂದ್ರಿಯೊಡನೆ ಆದ ಸಮಾಗಮವು ಆಚಾರ್ಯರು ಬಯಸಿ ಆರಿಸಿಕೊಂಡದ್ದಲ್ಲ. ಅವರ ನಿಜವಾದ ಬದಲಾವಣೆ ಆರಂಭವಾಗುವುದು ಅದರ ತರುವಾಯ, ‘ಇದಕ್ಕೆ ಹೊಣೆ ನಾನೇ’ ಎಂದು ಅವರು ತಮ್ಮೊಳಗೆ ವಿಚಾರಿಸತೊಡಗಿದಾಗ. ಪತ್ನಿಯನ್ನು ದಹಿಸಿ ಊರು ಬಿಟ್ಟ ಅವರಿಗೆ ಮಾಲೇರ ಪುಟ್ಟನು ನೆರಳಿನಂತೆ ಅಂಟಿಕೊಳ್ಳುತ್ತಾನೆ. ಮೇಳಿಗೆಯ ತೇರಿನ ಗದ್ದಲದಲ್ಲಿ, ಸೂತಕದಲ್ಲಿರುವಾಗಲೇ ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕುಳಿತು, ಯಾರಾದರೂ ಗುರುತಿಸಿಯಾರೆಂಬ ಭಯವನ್ನು ಅನುಭವಿಸುತ್ತಾರೆ. ಆ ಭಯವನ್ನು ಕಟ್ಟಿಕೊಂಡೇ ಹಿಂದಿರುಗುವ ಗಾಡಿ ಹತ್ತುತ್ತಾರೆ. ಅಲ್ಲಿಗೆ ಕಥೆ ನಿಲ್ಲುತ್ತದೆ. 1970ರ ಚಲನಚಿತ್ರದಲ್ಲಿ ಗಿರೀಶ ಕಾರ್ನಾಡರನ್ನು ಈ ಪಾತ್ರದಲ್ಲಿ ಕಂಡವರಿಗೂ ಮೂಲದ ಈ ಒಳತೋಟಿ ಓದಿದಾಗಲೇ ದಕ್ಕೀತು.

ಆದರೆ ಚಂದ್ರಿ? ಆಕೆ ಬದಲಾಗುವುದೇ ಇಲ್ಲ. ಪಂಡಿತರು ಗ್ರಂಥಗಳಲ್ಲಿ ಮುಳುಗಿರುವಾಗ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ಶವವನ್ನು ಸುಟ್ಟು ಊರು ಬಿಡುತ್ತಾಳೆ. ಆಚಾರ್ಯರು ಹೊತ್ತು ತಿರುಗಿದ ಸಮಸ್ಯೆ ಅವರಿಗೆ ತಿಳಿಯದಂತೆಯೇ ತೀರಿಹೋಗಿರುತ್ತದೆ! ಸ್ಥಿರವಾದ ಪಾತ್ರವೊಂದು ಹೀಗೆ ಪಕ್ಕದಲ್ಲಿ ನಿಂತಾಗಲೇ ಚಲಿಸುವ ಪಾತ್ರ ಎಷ್ಟು ದೂರ ಬಂದಿತೆಂಬ ಅಳತೆ ಸಿಗುವುದು.

ಬದಲಾವಣೆಗೆ ಬೆಲೆ ತೆರಬೇಕು. ನಮ್ಮ ಬ್ಯಾಂಕಿನ ಲೆಕ್ಕದಲ್ಲಿ ಒಂದು ಕಡೆ ಜಮೆಯಾದರೆ ಇನ್ನೊಂದು ಕಡೆ ಖರ್ಚು ಬೀಳಲೇಬೇಕಷ್ಟೆ! ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ದ ಶ್ರೀನಿವಾಸ ಶ್ರೋತ್ರಿಗಳು ತಮ್ಮ ಜನ್ಮರಹಸ್ಯ ತಿಳಿದ ಮೇಲೆ ಆಸ್ತಿಯನ್ನೆಲ್ಲ ದಾನ ಮಾಡಿ ಸನ್ಯಾಸಿಗಳಾಗುತ್ತಾರೆ. ಮೆಗಾ ಧಾರಾವಾಹಿಗಳ ಖಳನಾಯಕಿ ಒಂದೇ ಸಂಜೆಯಲ್ಲಿ ಕಣ್ಣೀರಿಟ್ಟು ಒಳ್ಳೆಯವಳಾದಾಗ ಮನೆಮಂದಿಗೆ ನಂಬಿಕೆ ಹುಟ್ಟದಿರುವುದು ಈ ಖರ್ಚಿನ ಕಾಲಂ ಖಾಲಿ ಇರುವುದರಿಂದಲೇ.

ಮುಂಬಯಿವಾಸಿಗಳಾದ ನಮಗೆ ಯಶವಂತ ಚಿತ್ತಾಲರ ‘ಶಿಕಾರಿ’ (1979) ಇನ್ನಷ್ಟು ಹತ್ತಿರದ್ದು. ಕಂಪನಿಯಿಂದ ಅಮಾನತುಗೊಂಡ ನಾಗಪ್ಪ, ತನ್ನನ್ನು ಬೇಟೆಯಾಡುತ್ತಿರುವವರು ಯಾರೆಂದು ಹುಡುಕುತ್ತ ಹೋಗಿ ತನ್ನೊಳಗಿನ ಹಳೆಯ ಭಯಗಳನ್ನೇ ಎದುರಿಸಬೇಕಾಗುತ್ತದೆ. ಹೊರಗಿನ ಘಟನೆಗಳು ಕೆಲವೇ; ಬೆಳವಣಿಗೆಯೆಲ್ಲ ನೆನಪಿನಲ್ಲಿ ನಡೆಯುತ್ತದೆ.

‘ಗೃಹಭಂಗ’ದ (1970) ನಂಜಮ್ಮನದು ಬೇರೆಯೇ ದಾರಿ. ಅಯೋಗ್ಯ ಗಂಡನ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಕಲಿತು ಬರೆದು ಮಕ್ಕಳನ್ನು ಸಾಕುತ್ತಾಳೆ. ಸ್ವಭಾವ ಬದಲಾಗುವುದಿಲ್ಲ, ಶಕ್ತಿ ಬೆಳೆಯುತ್ತದೆ. ಅತ್ತೆ ಗಂಗಮ್ಮ ಮಾತ್ರ ಕೊನೆಯವರೆಗೂ ಅದೇ ಗಂಗಮ್ಮ.